ಲಂಡನ್ನಿನ ಒಂದು ಬೀದಿ, ಅಪ್ಪನ ನಾಲ್ಕು ಸೌಂಡ್ ಬಾಕ್ಸ್

ಕೋವೆಂಟ್ ಗಾರ್ಡನ್ ಟ್ಯೂಬ್ ಸ್ಟೇಷನ್‌ನಲ್ಲಿ ಲಿಫ್ಟ್‌ಗೆ ಉದ್ದದ ಕ್ಯೂ ಇತ್ತು. ಪಕ್ಕದಲ್ಲೇ ಸುರುಳಿ ಮೆಟ್ಟಿಲು. ಒಟ್ಟು 193 ಮೆಟ್ಟಿಲು, ಯೋಚಿಸಿ ಹತ್ತಿ ಅಂತ ಎಚ್ಚರಿಕೆ. ನಾನು ಯೋಚಿಸದೇ ಹತ್ತಿದೆ. ಅರ್ಧ ದಾರಿಯಲ್ಲಿ ಏದುಸಿರು ಬಿಡ್ತಾ ನಿಂತಾಗ ನೆನಪಾಗಿದ್ದು ಅಪ್ಪ. ಕಲ್ಯಾಣ ಮಂಟಪದ ಮೂರನೇ ಮಹಡಿಗೆ ಬೆನ್ನ ಮೇಲೆ ಸೌಂಡ್ ಬಾಕ್ಸ್ ಹೊತ್ತುಕೊಂಡು ಹೋಗ್ತಿದ್ದ ಅಪ್ಪ.

ಹಿಂದಿನ ದಿನವಷ್ಟೇ ತಿಪಟೂರಿನಿಂದ ಫೋನ್ ಮಾಡಿದ್ದರು. "ಅರಸೀಕೆರೆಯೋನು ಒಬ್ಬ ಕೇಳ್ತಾವ್ನೆ ಕಣವ್ವ. ಆಂಪ್ಲಿಫೈಯರ್, ನಾಲ್ಕು ಬಾಕ್ಸ್, ಎರಡು ಹಾರ್ನ್, ಎಲ್ಲಾ ಸೇರಿ ಹದಿನೆಂಟು ಸಾವಿರಕ್ಕೆ. ಕೊಟ್ಬಿಡ್ಲಾ?"

"ಕೊಟ್ಬಿಡಿ ಅಪ್ಪ, ಜಾಗ ಆದ್ರೂ ಖಾಲಿ ಆಗುತ್ತೆ" ಅಂದಿದ್ದೆ. ಎರಡು ನಿಮಿಷದಲ್ಲಿ ಮಾತು ಮುಗಿದಿತ್ತು. ನಮ್ಮಿಬ್ಬರ ಫೋನ್ ಯಾವಾಗಲೂ ಎರಡೇ ನಿಮಿಷ.

ನಿಜ ಹೇಳಬೇಕೆಂದರೆ ನನಗೆ ಆ ಬಾಕ್ಸ್‌ಗಳ ಬಗ್ಗೆ ನಾಚಿಕೆ ಇತ್ತು. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಅನ್ನೋ ಜಾಗದಲ್ಲಿ 'ಬಿಸಿನೆಸ್' ಅಂತ ಬರೀತಿದ್ದೆ. 'ಸೌಂಡ್ ಸರ್ವಿಸ್' ಅಂತ ಒಂದು ಸಲವೂ ಬರೆದವಳಲ್ಲ. ಗಣಪತಿ ಪೆಂಡಾಲು, ಆರ್ಕೆಸ್ಟ್ರಾ, ಮದುವೆ, ಸಾವಿನ ಮನೆಯ ಭಜನೆ, ಎಲ್ಲದಕ್ಕೂ ಹೋಗುವ ಸಾಮಾನು. ಲಗೇಜ್ ಆಟೋದಲ್ಲಿ ಬಾಕ್ಸ್‌ಗಳ ಮಧ್ಯೆ ಕೂತು ಹೋಗುವಾಗ ಕ್ಲಾಸ್‌ಮೇಟ್ಸ್ ಕಂಡರೆ ತಲೆ ಬಗ್ಗಿಸಿಕೊಳ್ತಿದ್ದೆ.

ಈಗ ಪ್ರಾಜೆಕ್ಟ್ ಕೆಲಸಕ್ಕೆ ಲಂಡನ್ನಿಗೆ ಬಂದು ಏಳು ತಿಂಗಳು. ನಮ್ಮ ಟೀಮ್‌ನಲ್ಲಿ ಒಬ್ಬ ಹಿರಿಯರಿದ್ದಾರೆ, ಅವರ ಅಪ್ಪ ಅಮ್ಮ ಜಮೈಕಾದಿಂದ ಬಂದವರು. ಒಂದು ದಿನ ಊಟದ ಹೊತ್ತಲ್ಲಿ ಮಾತು ಮನೆಯವರ ಕಡೆ ಹೋಯಿತು. ನಿಮ್ಮಪ್ಪ ಏನು ಮಾಡ್ತಾರೆ ಅಂದರು. ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ. ಅವರು ಫೋರ್ಕ್ ಕೆಳಗಿಟ್ಟು, "ನಿಮ್ಮಪ್ಪ ಸೌಂಡ್ ಮ್ಯಾನಾ?" ಅಂತ ಕೇಳಿದ ರೀತಿ ಇದೆಯಲ್ಲ, ಅದು 'ನಿಮ್ಮಪ್ಪ ಡಾಕ್ಟರಾ' ಅಂತ ನಮ್ಮೂರಲ್ಲಿ ಕೇಳುವ ಹಾಗಿತ್ತು. ಆಮೇಲೆ ಅವರೇ ಹೇಳಿದ್ದು: ಒಂದು ಭಾನುವಾರ ಕಿಂಗ್ ಸ್ಟ್ರೀಟ್‌ಗೆ ಹೋಗಿ 38ನೇ ನಂಬರ್ ಕಟ್ಟಡ ನೋಡು, ಹೋಗುವ ಮೊದಲು 'ಕ್ಲಬ್ ಕ್ಲಾಸಿಕ್ಸ್ ವಾಲ್ಯೂಮ್ ಒನ್' ಕೇಳು.

ಅದು 'ಸೋಲ್ ಟು ಸೋಲ್' ಅನ್ನೋ ತಂಡದ ಮೊದಲ ಆಲ್ಬಮ್. 1989ರ ಏಪ್ರಿಲ್‌ನಲ್ಲಿ ಬಂತು, ಬ್ರಿಟನ್ನಿನ ಪಟ್ಟಿಯಲ್ಲಿ ನಂಬರ್ ಒನ್ ಆಯಿತು. ಅದರ 'ಬ್ಯಾಕ್ ಟು ಲೈಫ್' ಹಾಡು ಆ ಬೇಸಿಗೆಯಲ್ಲಿ ನಾಲ್ಕು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಮುಂದಿನ ವರ್ಷ ಎರಡು ಗ್ರ್ಯಾಮಿ. ನೀವೂ ಕೇಳಿ, ಆದರೆ ದಯವಿಟ್ಟು ಹೆಡ್‌ಫೋನ್ ಹಾಕ್ಕೊಳ್ಳಿ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಈ ಆಲ್ಬಮ್‌ನ ಅರ್ಧ ಭಾಗ ಕೇಳಿಸೋದೇ ಇಲ್ಲ.

ಸ್ಟೇಷನ್ನಿಂದ ಹೊರಬಂದರೆ ಎಡಬಲ ಜನವೋ ಜನ. ಹಳೇ ಮಾರ್ಕೆಟ್ ಈಗ ಟೂರಿಸ್ಟ್ ಜಾತ್ರೆ. ಬೆಂಕಿ ಉಗುಳುವವನು, ಒಂಟಿ ಚಕ್ರದ ಸೈಕಲ್ ಮೇಲೆ ಕೂತು ಕಾಸು ಕೇಳುವವನು, ಐಸ್‌ಕ್ರೀಮ್ ಬೀಳಿಸಿಕೊಂಡು ಅಳುವ ಮಗು. ಆಚೆ ಪಕ್ಕ ರಾಯಲ್ ಒಪೆರಾ ಹೌಸ್. ಚೌಕದ ಮೂಲೆಯಿಂದ ಪಶ್ಚಿಮಕ್ಕೆ ಹೊರಡುವ ಸಣ್ಣ ರಸ್ತೆಯೇ ಕಿಂಗ್ ಸ್ಟ್ರೀಟ್. ಎರಡೂ ಕಡೆ ದುಬಾರಿ ಅಂಗಡಿ. ಗಾಜಿನ ಹಿಂದೆ ಇರುವ ಒಂದು ಶರ್ಟಿನ ಬೆಲೆಗೆ ಅಪ್ಪನ ಆಂಪ್ಲಿಫೈಯರ್ ಬರುತ್ತೆ.

38ನೇ ನಂಬರ್ ಕಟ್ಟಡದಲ್ಲಿ ಒಂದು ಕಾಲಕ್ಕೆ ಆಫ್ರಿಕಾ ಸೆಂಟರ್ ಇತ್ತು. 1964ರಲ್ಲಿ ಅದನ್ನು ಉದ್ಘಾಟಿಸಿದವರು ಜಾಂಬಿಯಾದ ಕೆನ್ನೆತ್ ಕೌಂಡಾ. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ದನಿ ಎತ್ತಿದವರು ಸೇರುತ್ತಿದ್ದ ಜಾಗ ಅದು. ಎಂಬತ್ತರ ದಶಕದ ಮಧ್ಯದಲ್ಲಿ ಅದೇ ಹಾಲ್‌ನಲ್ಲಿ ಭಾನುವಾರ ರಾತ್ರಿಗಳಲ್ಲಿ ಸೋಲ್ ಟು ಸೋಲ್‌ನವರು ತಮ್ಮ ಬಾಕ್ಸ್‌ಗಳನ್ನು ಜೋಡಿಸೋಕೆ ಶುರು ಮಾಡಿದರು.

ಹೌದು, ಬಾಕ್ಸ್‌ಗಳನ್ನೇ. ಈ ತಂಡ ಹುಟ್ಟಿದ್ದು ಬ್ಯಾಂಡ್ ಆಗಿ ಅಲ್ಲ, ಸೌಂಡ್ ಸಿಸ್ಟಮ್ ಆಗಿ. ಮುಖ್ಯಸ್ಥ ಜಾಝಿ ಬಿ, ಉತ್ತರ ಲಂಡನ್ನಿನಲ್ಲಿ ಹುಟ್ಟಿದವರು, ತಂದೆ ತಾಯಿ ಕೆರಿಬಿಯನ್ ದ್ವೀಪ ಆಂಟಿಗಾದಿಂದ ಬಂದವರು. ಹತ್ತು ಮಕ್ಕಳ ಮನೆ. ಸ್ಕೂಲಿಗೆ ಹೋಗುವ ವಯಸ್ಸಲ್ಲೇ ಗೆಳೆಯ ಫಿಲಿಪ್ ಹಾರ್ವಿ ಜೊತೆ ಸೇರಿ ಸೌಂಡ್ ಕಟ್ಟಿದರು. ಮನೆ ಪಾರ್ಟಿ, ಬೀದಿ ಪಾರ್ಟಿ, ಎಲ್ಲಿ ಕರೆದರೆ ಅಲ್ಲಿಗೆ ಹೊತ್ತುಕೊಂಡು ಹೋಗೋದು. ಕೇಳಿದ ಹಾಗೆ ಇದೆಯಲ್ಲ ಅನ್ನಿಸಿತು ನನಗೆ.

ಇದಕ್ಕೆ ಹಿಂದೆ ಒಂದು ಕಥೆ ಇದೆ. 1948ರಲ್ಲಿ 'ವಿಂಡ್‌ರಷ್' ಹಡಗು ಬಂದ ಮೇಲೆ ಕೆರಿಬಿಯನ್ ಜನ ಸಾವಿರಾರು ಸಂಖ್ಯೆಯಲ್ಲಿ ಬ್ರಿಟನ್ನಿಗೆ ಬಂದರು. ಬಸ್ಸು, ರೈಲು, ಆಸ್ಪತ್ರೆಗಳಲ್ಲಿ ಕೆಲಸ ಮಾಡಿದರು. ಆದರೆ ಸಂಜೆಯಾದರೆ ಹೋಗೋಕೆ ಜಾಗ ಇರಲಿಲ್ಲ. ಎಷ್ಟೋ ಕ್ಲಬ್‌ಗಳ ಬಾಗಿಲು ಕಪ್ಪು ಬಣ್ಣದವರಿಗೆ ತೆರೆಯುತ್ತಿರಲಿಲ್ಲ. ಹಾಗಾಗಿ ಅವರು ಜಮೈಕಾದ ಪದ್ಧತಿಯನ್ನೇ ಇಲ್ಲಿಗೆ ತಂದರು. ಮರದ ಹಲಗೆ ಕೊಯ್ದು ಆಳೆತ್ತರದ ಬಾಕ್ಸ್ ಕಟ್ಟೋದು, ಯಾರದ್ದೋ ಮನೆಯ ನೆಲಮಾಳಿಗೆಯಲ್ಲೋ ಸಮುದಾಯ ಭವನದಲ್ಲೋ ಇಡೋದು. ಒಳಗೆ ಬಿಡದಿದ್ದರೆ ಬೇಡ, ನಮ್ಮ ಕ್ಲಬ್ಬನ್ನು ನಾವೇ ವ್ಯಾನ್‌ನಲ್ಲಿ ಹಾಕ್ಕೊಂಡು ಓಡಾಡ್ತೀವಿ ಅನ್ನೋ ಲೆಕ್ಕ.

ಬಾಕ್ಸ್ ಅಷ್ಟು ದೊಡ್ಡದು ಯಾಕೆ ಅಂದರೆ ಬೇಸ್ ಇರೋದೇ ಹಾಗೆ. 50 ಹರ್ಟ್ಜ್‌ನ ಒಂದು ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ. ಅದನ್ನು ಹುಟ್ಟಿಸಬೇಕಾದರೆ ತುಂಬಾ ಗಾಳಿ ತಳ್ಳಬೇಕು. ಅದಕ್ಕೇ ಅಗಲವಾದ ಸ್ಪೀಕರ್, ಅದರ ಹಿಂದೆ ದೊಡ್ಡ ಡಬ್ಬ. ಈ ಅಲೆ ಕಿವಿಗಷ್ಟೇ ಅಲ್ಲ, ಎದೆಗೂ ಬಡಿಯುತ್ತೆ. ನಮ್ಮ ತಮಟೆ ಮುಂದೆ ನಿಂತವರಿಗೆ ಎದೆ ನಡುಗೋದು ಏನು ಅಂತ ಹೇಳಿಕೊಡಬೇಕಾಗಿಲ್ಲ.

ಆ ಭಾನುವಾರಗಳಿಗೆ ನಮ್ಮ ಸಹೋದ್ಯೋಗಿ ಹದಿಹರೆಯದಲ್ಲಿ ಹೋಗ್ತಿದ್ದರಂತೆ. ಬೇಗ ಬಂದು ಕ್ಯೂ ನಿಲ್ಲಬೇಕಿತ್ತಂತೆ. ಒಳಗೆ ಕಪ್ಪು, ಬಿಳಿ, ಏಷ್ಯನ್ ಎಲ್ಲರೂ ಒಟ್ಟಿಗೆ, ಗೋಡೆಯಿಂದ ಬೆವರು ಇಳೀತಿತ್ತಂತೆ. "ಊರಲ್ಲಿ ಇನ್ನೆಲ್ಲೂ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡ್ತಿದ್ದರು. ಅಲ್ಲಿ ಮಾತ್ರ ಬಾ ಅಂದರು" ಅಂತ ಹೇಳುವಾಗ ಅವರ ದನಿ ಸ್ವಲ್ಪ ಬದಲಾಗಿತ್ತು.

ಆ ಹಾಲ್‌ನಲ್ಲಿ ಜನ ಹೇಗೆ ಕುಣೀತಾರೆ ಅಂತ ವಾರ ವಾರ ನೋಡಿದವರೇ ಆಲ್ಬಮ್ ಮಾಡಿದ್ದು. ಬ್ರಿಸ್ಟಲ್‌ನಿಂದ ಬಂದ ನೆಲೀ ಹೂಪರ್ ಸೇರಿಕೊಂಡರು, ಕ್ಯಾರನ್ ವೀಲರ್ ಹಾಡಿದರು, 'ಕೀಪ್ ಆನ್ ಮೂವಿನ್' ಹಾಡಿಗೆ ರೆಗ್ಗೆ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದವರು ಪಿಟೀಲು ನುಡಿಸಿದರು. ಆ ಕಾಲಕ್ಕೆ ಕ್ಲಬ್‌ಗಳಲ್ಲಿ ಆ್ಯಸಿಡ್ ಹೌಸ್ ಹುಚ್ಚು, ಓಡುವ ಬೀಟ್. ಇವರು ನಿಧಾನ ಮಾಡಿದರು. 'ಬ್ಯಾಕ್ ಟು ಲೈಫ್' ನಿಮಿಷಕ್ಕೆ ಸುಮಾರು 100 ಬೀಟ್, ಆರಾಮಾಗಿ ನಡೆಯುವವರ ಹೆಜ್ಜೆ. ಒಂದು ತಮಾಷೆ ಅಂದರೆ, ಆಲ್ಬಮ್‌ನಲ್ಲಿ ಆ ಹಾಡು ಹೆಚ್ಚೂಕಡಿಮೆ ಬರೀ ದನಿ. ಲೋಕಕ್ಕೆಲ್ಲ ಗೊತ್ತಿರುವ ಬೀಟ್ ಸೇರಿದ್ದು ಆಮೇಲೆ ಸಿಂಗಲ್ ಮಾಡುವಾಗ.

ಕ್ಯಾಮ್ಡೆನ್‌ನಲ್ಲಿ ಅವರದೇ ಅಂಗಡಿ ಇತ್ತು, ಟೀ ಶರ್ಟ್, ರೆಕಾರ್ಡ್ ಮಾರುತ್ತಿದ್ದರು. ಜಾಝಿ ಬಿ ಆಗ ಪರವಾನಗಿ ಇಲ್ಲದ ಕಿಸ್ ಎಫ್‌ಎಂ ರೇಡಿಯೋದಲ್ಲಿ ಹಾಡು ಹಾಕುತ್ತಿದ್ದರು. ಬಾಗಿಲು ತೆರೆಯದ ಕಡೆ ತಾವೇ ಬಾಗಿಲು ಮಾಡಿಕೊಂಡವರು. ಅದೇ ಮನುಷ್ಯನಿಗೆ 2008ರಲ್ಲಿ ರಾಣಿಯ ಓಬಿಇ ಗೌರವ ಬಂತು.

38ರ ಮುಂದೆ ಹತ್ತು ನಿಮಿಷ ನಿಂತೆ. ಆಫ್ರಿಕಾ ಸೆಂಟರ್ ಈಗ ಇಲ್ಲಿಲ್ಲ. ನದಿಯ ಆಚೆ ಸದರ್ಕ್‌ನಲ್ಲಿ 2022ರಿಂದ ಹೊಸ ಕಟ್ಟಡದಲ್ಲಿದೆ. ಇಲ್ಲಿ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಯುತ್ತಿದ್ದವರಿಗೆ ಯಾರಿಗೂ ಈ ಗೋಡೆ ಮುಖ್ಯವಲ್ಲ. ನಾನು ಹೆಡ್‌ಫೋನ್ ಹಾಕ್ಕೊಂಡು ಆ ಹಾಡು ಕೇಳಿದೆ. ಬೇಸ್ ಶುರುವಾದಾಗ ಕಣ್ಣ ಮುಂದೆ ಬಂದದ್ದು ಲಂಡನ್ ಅಲ್ಲ. ಗಣಪತಿ ಪೆಂಡಾಲಿನ ಹಿಂದೆ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ವೈರ್ ಜೋಡಿಸುತ್ತಿದ್ದ ಅಪ್ಪ. ನಮ್ಮ ಓಣಿಯಲ್ಲಿ ದುಡ್ಡಿಲ್ಲದವರ ಮನೆ ಮದುವೆಗೂ ಅಪ್ಪ ಸೆಟ್ ಹಾಕಿದ್ದುಂಟು. ಆ ದಿನ ಅವರ ಮನೆಯೂ ಊರಿಗೆಲ್ಲ ಕೇಳಿಸುತ್ತಿತ್ತು.

ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂವರೆ.

"ಅಪ್ಪ, ಆ ಬಾಕ್ಸ್ ಕಟ್ಟೋದು ಯಾರು ಹೇಳಿಕೊಟ್ರು ನಿಮಗೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಶುರುವಾಯಿತು ನೋಡಿ. ತುಮಕೂರಿನಲ್ಲಿ ಒಬ್ಬ ಬಡಗಿಯ ಹತ್ತಿರ ನೋಡಿ ಕಲಿತದ್ದು, ಹಲಗೆಗೆ ಹಳೇ ಬಾಗಿಲು ಕೊಂಡದ್ದು, ಮೊದಲ ಬಾಕ್ಸ್ ಬರೀ ಗೊರ ಗೊರ ಅಂದದ್ದು, ಒಳಗೆ ತೆಂಗಿನ ನಾರು ತುಂಬಿಸಿ ಸರಿ ಮಾಡಿದ್ದು. ತಿಪಟೂರಲ್ಲಿ ನಾರಿಗೇನು ಬರ! ನಲವತ್ತು ನಿಮಿಷ ಮಾತಾಡಿದರು. ಅಷ್ಟು ಹೊತ್ತು ಅಪ್ಪ ನನ್ನ ಜೊತೆ ಮಾತಾಡಿದ್ದು ನನಗೆ ನೆನಪಿಲ್ಲ. ನಾನು ಕೇಳಿದ್ದೇ ನೆನಪಿಲ್ಲ ಅನ್ನಬೇಕೇನೋ.

"ಎರಡು ಬಾಕ್ಸ್ ಆದ್ರೂ ಉಳಿಸಿಕೊಳ್ಳಿ ಅಪ್ಪ."

"ಎಲ್ಲಿ ಇಡೋದವ್ವ?"

"ನನ್ನ ರೂಮಲ್ಲಿ."

"ಇಲಿ ಸೇರ್ಕೊಂತವೆ" ಅಂದರು, ಬೇಡ ಅನ್ನಲಿಲ್ಲ.

ಎರಡು ಬಾಕ್ಸ್, ಹಾರ್ನ್‌ಗಳು ಅರಸೀಕೆರೆಗೆ ಹೋದವು. ಆಂಪ್ಲಿಫೈಯರೂ ಎರಡು ಬಾಕ್ಸೂ ಮನೆಯಲ್ಲೇ ಉಳಿದವು. ಹದಿನೆಂಟು ಸಾವಿರದ ಬದಲು ಏಳು ಸಾವಿರ ಬಂತು.

ಆ ಹಾಡಿನ ಲಿಂಕ್ ಅಪ್ಪನಿಗೆ ಕಳಿಸಿದ್ದೆ. ಮರುದಿನ ಟ್ಯೂಬ್‌ನಲ್ಲಿ ಆಫೀಸಿಗೆ ಹೋಗುವಾಗ ಒಂದು ವಾಯ್ಸ್ ನೋಟ್ ಬಂತು. ಬಾಕ್ಸ್‌ಗೆ ಕನೆಕ್ಟ್ ಮಾಡಿ, ಎದುರಿಗೆ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದಾರೆ. ಫೋನಿನ ಮೈಕ್‌ಗೆ ಆ ಬೇಸ್ ಎಲ್ಲಿ ಹಿಡಿಯುತ್ತೆ? ಹಾಡು ಸರಿಯಾಗಿ ಕೇಳಿಸಲೇ ಇಲ್ಲ. ಕೇಳಿಸಿದ್ದು ನಮ್ಮನೆ ಅಡುಗೆ ಮನೆಯ ಶೆಲ್ಫ್‌ನಲ್ಲಿ ಸ್ಟೀಲ್ ಲೋಟಗಳು ಗಲಗಲ ಅಲ್ಲಾಡುವ ಸದ್ದು, ಮತ್ತೆ ಅಮ್ಮ "ಮೆತ್ತಗಿಡ್ರೀ" ಅಂತ ಬೈಯುವ ದನಿ.