ದಿಂಬಂ ಘಟ್ಟದ ಏರು, ಉಂಗುರದ ಸಂದು

ತಾಳವಾಡಿಯ ಎತ್ತರದ ನೆಲದಲ್ಲಿ ಬಾಳುವ ನಮ್ಮಂಥ ಕನ್ನಡಿಗರಿಗೆ ಕೊಯಮತ್ತೂರು ಘಟ್ಟದ ಕೆಳಗಿನ ದೊಡ್ಡ ಪಟ್ಟಣ. 1956ರಲ್ಲಿ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮಾತ್ರ ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. ಮನೆಯ ನುಡಿ ಕನ್ನಡ, ಕಚೇರಿಯ ನುಡಿ ತಮಿಳು ಎಂಬ ಬಾಳು ನಮಗೆ ರೂಢಿಯಾಗಿದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಹಾಸನೂರಿನ ಕಾಡು ದಾಟಿ, ದಿಂಬಂನಿಂದ ಬಣ್ಣಾರಿಯವರೆಗೆ 27 ಕಡಿದಾದ ತಿರುವುಗಳನ್ನು ಇಳಿದು, ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರುಗಳ ಮಾರ್ಗವಾಗಿ ಸಾಗಬೇಕು. ಈ ಘಟ್ಟ ಇಳಿಯುವಾಗ ಬ್ರೇಕಿಗೆ ಪರೀಕ್ಷೆ; ಏರುವಾಗ ಎಂಜಿನ್ನಿಗೆ ಪರೀಕ್ಷೆ.

ಈ ಸಲದ ಪ್ರಯಾಣದಲ್ಲಿ ನಾವು ಕೊಯಮತ್ತೂರಿನ ಹೊರವಲಯದ ಒಂದು ಎಂಜಿನ್ ಕೆಲಸದ ಶೆಡ್ಡನ್ನು ಕಂಡೆವು. ನೂಲಿನ ಗಿರಣಿಗಳಿಗೂ ನೀರೆತ್ತುವ ಪಂಪುಗಳಿಗೂ ಹೆಸರಾದ ಈ ಊರಿನಲ್ಲಿ ಲೇತು ಯಂತ್ರದ ಸದ್ದಿಲ್ಲದ ಬೀದಿ ವಿರಳ. ಸಮೀಪದ ಚೆಟ್ಟಿಪಾಳಯದಲ್ಲಿ 2003ರಿಂದ ಕಾರುಗಳ ಓಟದ ಪಥವೂ ಇರುವುದರಿಂದ, ಬಲ ಹೆಚ್ಚಿಸಿದ ಎಂಜಿನ್ನುಗಳನ್ನು ಬಿಚ್ಚಿ ಕಟ್ಟುವ ಕೈಗಳಿಗೆ ಇಲ್ಲಿ ಬೆಲೆಯುಂಟು. ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಆ ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆ. ನಮ್ಮ ಊರಿನ ಬಾಡಿಗೆ ಕಾರೊಂದರ ಎಂಜಿನ್ನು ಅವನ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಿತ್ತು.

ಆ ಕಾರಿನ ಮಹತ್ತ್ವ ಊರಿನವರಿಗೆ ಗೊತ್ತು. ಹೆರಿಗೆಯ ನೋವೆದ್ದ ಹೆಣ್ಣುಮಕ್ಕಳೂ, ಡಯಾಲಿಸಿಸಿಗೆ ಹೋಗುವ ಮುದುಕರೂ ಅದನ್ನೇ ನಂಬಿದ್ದರು. ಎಂಜಿನ್ನು ಬೇರೊಂದೆಡೆ ಒಮ್ಮೆ ರಿಪೇರಿಯಾಗಿ ಕೆಲವೇ ತಿಂಗಳಾಗಿದ್ದವು. ಘಟ್ಟ ಏರುವಾಗ ಒಂದು ದಿನ ನೀಲಿ ಹೊಗೆ ಕಾರಿ, ಬಲಗುಂದಿ ನಿಂತಿತು. ಸಾಲದ ಕಂತು ನಿಲ್ಲಲಿಲ್ಲ, ದುಡಿಮೆ ನಿಂತಿತು.

“ಇಲ್ಲಿ ನೋಡಿ ಸಾರ್,” ಎಂದು ಹುಡುಗನು ಪಿಸ್ಟನ್ನೊಂದನ್ನು ನಮ್ಮ ಕೈಗಿತ್ತನು. ಮೇಲಿನ ರಿಂಗು ಕೂರುವ ತೋಡಿನ ಅಂಚು ಮುರಿದು ಬಿದ್ದಿತ್ತು. ರಿಂಗಿನ ಎರಡು ತುದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದನ್ನೊಂದು ಮುಟ್ಟಬಾರದ ತುದಿಗಳು ಒತ್ತಿ ಉಜ್ಜಿಕೊಂಡದ್ದರ ಗುರುತದು.

ವಾಚಕರಲ್ಲಿ ಅನೇಕರು ಪಿಸ್ಟನ್ ರಿಂಗನ್ನು ಕಂಡಿರಲಾರರು. ಅದು ಪೂರ್ಣ ಬಳೆಯಲ್ಲ, ಒಂದೆಡೆ ಸೀಳಿದ ಬಳೆ. ಸಿಲಿಂಡರಿನ ಗೋಡೆಗೆ ಒತ್ತಿ ನಿಂತು, ಉರಿದ ಅನಿಲ ಕೆಳಕ್ಕೆ ನುಸುಳದಂತೆ ತಡೆಯುವುದೇ ಅದರ ಕೆಲಸ. ಹಾಗಾದರೆ ಆ ಸೀಳಿನ ಸಂದು ಇಲ್ಲದಂತೆ ತುದಿಗಳನ್ನು ಸೇರಿಸಿಬಿಟ್ಟರೆ ಒಳ್ಳೆಯದಲ್ಲವೆ ಎಂದು ತೋರುವುದು ಸಹಜ. ಉತ್ತರವು ನಾವು ಮಕ್ಕಳಿಗೆ ಹೇಳುವ ಹಳೆಯ ಪಾಠದಲ್ಲಿದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಅದನ್ನು ಬೆರಣಿಯ ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾದ ಪಟ್ಟಿ ಹಿಗ್ಗಿ ಮರದ ಚಕ್ರದ ಮೇಲೆ ಸಲೀಸಾಗಿ ಕೂರುತ್ತದೆ. ರಿಂಗೂ ಕಾದರೆ ಹಿಗ್ಗುತ್ತದೆ. ಆದರೆ ಸುತ್ತಲೂ ಸಿಲಿಂಡರಿನ ಗೋಡೆಯಿರುವುದರಿಂದ ಅದಕ್ಕೆ ಹೊರಕ್ಕೆ ಹೋಗಲು ಎಡೆಯಿಲ್ಲ. ಬೆಳೆದ ಉದ್ದವೆಲ್ಲ ಆ ಸಂದಿನೊಳಕ್ಕೇ ಸರಿಯಬೇಕು.

ಲೆಕ್ಕವನ್ನೂ ನೋಡೋಣ. ಸಿಲಿಂಡರಿನ ಒಳವ್ಯಾಸ, ಮೇಸ್ತ್ರಿಗಳ ಮಾತಿನಲ್ಲಿ ಬೋರು, 80 ಮಿಲಿಮೀಟರ್ ಎಂದಿಟ್ಟುಕೊಂಡರೆ ರಿಂಗಿನ ಸುತ್ತಳತೆ ಸುಮಾರು 251 ಮಿ.ಮೀ. ಎರಕದ ಕಬ್ಬಿಣದ ರಿಂಗು 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 0.28 ಮಿ.ಮೀ. ಉದ್ದವಾಗುತ್ತದೆ. ಗೋಡೆಯೂ ಸ್ವಲ್ಪ ಹಿಗ್ಗುವುದಾದರೂ ನೀರು ಅದನ್ನು ತಣಿಸುವುದರಿಂದ ರಿಂಗಿನಷ್ಟು ಹಿಗ್ಗದು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನ ಮೇಲಿನ ರಿಂಗಿಗೆ ಬೋರಿನ ಸಾವಿರದ ನಾಲ್ಕು ಪಾಲು, ಅಂದರೆ 0.32 ಮಿ.ಮೀ. ಸಂದು ಬಿಡುವುದು ವಾಡಿಕೆ.

ಟರ್ಬೊ ಇದ್ದಲ್ಲಿ ಈ ಲೆಕ್ಕ ಸಾಲದು. ಹೊರಹೋಗುವ ಹೊಗೆಯ ರಭಸಕ್ಕೆ ತಿರುಗುವ ಚಕ್ರವೊಂದು ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟು ಪೆಟ್ರೋಲು ಹೆಚ್ಚು, ಶಾಖವೂ ಹೆಚ್ಚು. ಸಮತಟ್ಟು ರಸ್ತೆಯಲ್ಲಿ ಈ ಒತ್ತಡ ಆಗೊಮ್ಮೆ ಈಗೊಮ್ಮೆ ಬರುವುದು. ಜನ ತುಂಬಿದ ಕಾರು ದಿಂಬಂ ಏರುವಾಗ ತಿರುವಿನಿಂದ ತಿರುವಿಗೆ ಬಿಡುವಿಲ್ಲದೆ ಬರುವುದು. ಆದುದರಿಂದ ಇಂಥ ಎಂಜಿನ್ನಿಗೆ ಸಾವಿರಕ್ಕೆ ಐದು ಪಾಲು, ಒತ್ತಡ ಇನ್ನೂ ಹೆಚ್ಚಿದ್ದರೆ ಆರು ಪಾಲಿನವರೆಗೂ ಬಿಡುತ್ತಾರೆ. 80 ಮಿ.ಮೀ. ಬೋರಿಗೆ ಅದು 0.40ರಿಂದ 0.48 ಮಿ.ಮೀ. ರಿಂಗು ತಯಾರಿಸಿದವರ ಪಟ್ಟಿಯಲ್ಲಿ ಅಳತೆ ಕೊಟ್ಟಿದ್ದರೆ ಅದೇ ಪ್ರಮಾಣ. ಹಿಂದಿನ ರಿಪೇರಿಯಲ್ಲಿ ಸಾಧಾರಣ ಎಂಜಿನ್ನಿನ ಅಳತೆಗಿಂತಲೂ ಬಿಗಿಯಾಗಿ ರಿಂಗು ಕೂರಿಸಲಾಗಿತ್ತೆಂದು ಹುಡುಗನು ಮುರಿಯದೆ ಉಳಿದ ರಿಂಗುಗಳನ್ನು ಅಳೆದು ತೋರಿಸಿದನು.

ಹೊಸ ರಿಂಗುಗಳ ಕೆಲಸವನ್ನು ನಾವು ಮಧ್ಯಾಹ್ನವೆಲ್ಲ ಕುಳಿತು ನೋಡಿದೆವು. ಸಿಲಿಂಡರನ್ನು ಕೊರೆದು ನಯಗೊಳಿಸುವ ಕೆಲಸವೆಲ್ಲ ಮುಗಿದ ಮೇಲೆಯೇ ಸಂದಿನ ಅಳತೆ. ಬೋರು ಬದಲಾದರೆ ಸಂದೂ ಬದಲಾಗುವುದಷ್ಟೆ. ರಿಂಗನ್ನು ಒಳಗಿಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಒಂದು ಅಂಗುಲದಷ್ಟು ಕೆಳಕ್ಕೆ ತಳ್ಳಿದರೆ ರಿಂಗು ಓರೆಯಾಗದೆ ನೇರ ನಿಲ್ಲುತ್ತದೆ. ಬಳಿಕ ಫೀಲರ್ ಗೇಜಿನ ತೆಳು ಹಾಳೆಗಳಿಂದ ಅಳತೆ. ಸಂದು ಸಾಲದಿದ್ದರೆ ಸಣ್ಣ ಅರದಿಂದ ಒಂದೇ ತುದಿಯನ್ನು ಉಜ್ಜಬೇಕು. ಅದೂ ರಿಂಗಿನ ಹೊರಮೈಯಿಂದ ಒಳಮುಖವಾಗಿ, ಇಲ್ಲವಾದರೆ ಹೊರಮೈಯ ಲೇಪ ಚಕ್ಕೆಯೇಳುವುದು. ನಾಲ್ಕು ಉಜ್ಜು, ಮತ್ತೆ ಅಳತೆ. ಎರಡು ಉಜ್ಜು, ಮತ್ತೆ ಅಳತೆ. ಕೊನೆಗೆ ಅಂಚಿನ ಒರಟನ್ನು ನುಣ್ಣನೆಯ ಕಲ್ಲಿನಿಂದ ಸವರಿ ಒರಸುತ್ತಾನೆ. ಎರಡನೆಯ ರಿಂಗಿಗೆ ಮೊದಲನೆಯದಕ್ಕಿಂತ ತುಸು ಹೆಚ್ಚು ಸಂದು ಬಿಟ್ಟನು. ಎರಡರ ನಡುವೆ ಅನಿಲ ಸಿಕ್ಕಿಕೊಂಡು ಮೇಲಿನ ರಿಂಗನ್ನು ಎತ್ತಬಾರದೆಂಬುದು ಅದರ ಕಾರಣ. ಯಾವ ಸಿಲಿಂಡರಿನಲ್ಲಿ ಅಳೆದ ರಿಂಗೋ ಅದು ಅಲ್ಲಿಗೇ ಸಲ್ಲಬೇಕು. ಜೋಡಿಸುವಾಗ ಗುರುತಿನ ಮುಖ ಮೇಲಕ್ಕೆ. ರಿಂಗುಗಳ ಸಂದುಗಳು ಒಂದರ ಕೆಳಗೊಂದು ಬಾರದಂತೆ ಬೇರೆಬೇರೆ ದಿಕ್ಕಿಗೆ.

“ಸಂದು ಜಾಸ್ತಿಯಾದರೆ ಏನಪ್ಪಾ ಆಗುತ್ತೆ?” ಎಂದು ಕೇಳಿದೆವು.

“ಒಂದು ಕೂದಲೆಳೆ ಜಾಸ್ತಿಯಾದರೆ ಸ್ವಲ್ಪ ಹೊಗೆ ಕೆಳಗೆ ನುಸುಳುತ್ತೆ, ಸ್ವಲ್ಪ ಎಣ್ಣೆ ಕುಡಿಯುತ್ತೆ ಸಾರ್. ಕಡಿಮೆಯಾದರೆ ಎಂಜಿನ್ನೇ ಹೋಗುತ್ತೆ. ಆದರೆ ಉಜ್ಜಿದ್ದನ್ನು ಮತ್ತೆ ಅಂಟಿಸೋಕಾಗಲ್ಲ, ಅದಕ್ಕೇ ಇಷ್ಟು ನಿಧಾನ.”

ಬಿಗಿಯಾಗಿದ್ದುದೆಲ್ಲ ಭದ್ರವೆಂದು ತಿಳಿಯುವ ಅಭ್ಯಾಸ ನಮ್ಮ ಜನರಲ್ಲಿ ಬಲವಾಗಿದೆ. ಮಕ್ಕಳನ್ನು ಬೆಳೆಸುವುದರಲ್ಲಿಯೂ ಅದನ್ನು ಕಾಣುತ್ತೇವೆ. ಕಾವು ಏರಿದಾಗ ಹಿಗ್ಗಲು ಎಡೆಯಿಲ್ಲದ ಬಿಗಿಯು ಮುರಿಯುವುದಕ್ಕೇ ಕಾರಣವಾಗುವುದೆಂಬುದಕ್ಕೆ ಆ ಮುರಿದ ಪಿಸ್ಟನ್ನೇ ಸಾಕ್ಷಿ.

ಘಟ್ಟದ ಮೇಲೆ ಕಾರು ಓಡಿಸುವ ನಮ್ಮವರು ಎಂಜಿನ್ನು ಬಿಚ್ಚಿಸಿದಾಗ ಮೇಸ್ತ್ರಿಯನ್ನು ಎರಡು ಮಾತು ಕೇಳಲಿ: ಟರ್ಬೊ ಇದೆಯೆಂಬುದನ್ನು ಎಣಿಸಿ ಸಂದು ಬಿಟ್ಟಿದ್ದೀರಾ, ಒಂದೊಂದು ಸಿಲಿಂಡರಿನ ಅಳತೆಯನ್ನು ಬರೆದುಕೊಡುವಿರಾ? ನಮ್ಮ ಹುಡುಗನು ಕೇಳುವ ಮುನ್ನವೇ ರಿಂಗು ಬಂದ ರಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ನಾಲ್ಕು ಸಿಲಿಂಡರುಗಳ ಅಳತೆಗಳನ್ನು ಬರೆದಿಟ್ಟಿದ್ದನು. ಶೆಡ್ಡಿನ ಮಾತೆಲ್ಲ ತಮಿಳು. ಆ ಬರಹ ಮಾತ್ರ ಕನ್ನಡ. ಕಾರಿನ ಯಜಮಾನರು ಅದನ್ನು ಕಾರಿನ ಕಾಗದಪತ್ರಗಳ ಜೊತೆಯಲ್ಲಿಯೇ ಇಟ್ಟುಕೊಂಡಿದ್ದಾರೆ.