ನಿದ್ದೆಗೆಟ್ಟು ಕೇಳುವ ಸೀಮೆ

ರಾತ್ರಿ ಹತ್ತಾದರೂ ಪರದೆ ಮೇಲೇಳುವುದಿಲ್ಲ. ಕರಪತ್ರದಲ್ಲಿ ‘ಎಂಟೂವರೆಗೆ ಸರಿಯಾಗಿ’ ಎಂದು ಅಚ್ಚಾಗಿರುತ್ತದೆ. ಆ ‘ಸರಿಯಾಗಿ’ಯನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ. ಹೆಂಗಸರು ಮುದ್ದೆ ಉಂಡು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಚಾಪೆ ಕಂಬಳಿ ಸಮೇತ ಬಂದು ಜಾಗ ಹಿಡಿಯುವ ಹೊತ್ತಿಗೆ ಹತ್ತೂವರೆ. ಕಡಲೆಕಾಯಿ ಹುರಿಯುವವನ ಬಾಣಲೆ ಕಾಯುತ್ತಿರುತ್ತದೆ. ಕೊನೆಗೊಮ್ಮೆ ಹಾರ್ಮೋನಿಯಂ ಪೆಟ್ಟಿಗೆ ಉಸಿರೆಳೆದುಕೊಂಡಿತೆಂದರೆ ಮುಗಿಯಿತು, ಬೆಳಗಿನ ಆರರವರೆಗೆ ಆ ಊರಿಗೆ ನಿದ್ದೆಯಿಲ್ಲ!

ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ — ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ಪ್ರವಾಸ ಬರುವವರು ಸಾಮಾನ್ಯವಾಗಿ ಹಗಲಿನಲ್ಲಿ ಬರುತ್ತಾರೆ. ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಕೈಮುಗಿದು, ಸಿದ್ದರಬೆಟ್ಟ ಹತ್ತಿ, ಮಧುಗಿರಿಯ ಏಕಶಿಲೆಯ ಮುಂದೆ ಫೋಟೋ ತೆಗೆಸಿಕೊಂಡು, ಪಾವಗಡದ ಶನಿಮಹಾತ್ಮನಿಗೆ ಎಳ್ಳುಬತ್ತಿ ಹಚ್ಚಿ, ಕತ್ತಲಾಗುವಷ್ಟರಲ್ಲಿ ಬಸ್ಸು ಹಿಡಿಯುತ್ತಾರೆ. ಈ ಸೀಮೆಯ ಅಸಲು ಸಂಗತಿ ಇರುವುದು ರಾತ್ರಿಯಲ್ಲಿ. ಅದನ್ನು ಕಂಡವರು ಬೇರೆಯೇ ಒಂದು ಜಾತಿಯ ಜನ. ಅವರಿಗೆ ಅಭಿಮಾನಿಗಳೆಂದು ಹೆಸರು.

ಅವರಲ್ಲಿ ಈಚೆಗೆ ಹೊಸಬರೂ ಸೇರಿದ್ದಾರೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಈ ಕಡೆಯ ಹುಡುಗರ ಕಿವಿಯಲ್ಲಿ ಸದಾ ಇಯರ್‌ಫೋನ್ ಇರುತ್ತದೆ. ಕೆಲವರ ಕಿವಿಯಲ್ಲಿ ಮೊಳಗುವುದು ‘ಫೋಕ್ ಮೆಟಲ್’. ತಂದೆತಾಯಿಯರ ಅನುಕೂಲಕ್ಕೆ ಹೇಳಬೇಕೆಂದರೆ, ಎಲೆಕ್ಟ್ರಿಕ್ ಗಿಟಾರು, ಡ್ರಮ್ಮುಗಳ ಅಬ್ಬರದ ನಡುವೆ ತಮ್ಮ ನಾಡಿನ ಹಳೆಯ ವಾದ್ಯವನ್ನು ತಂದು ನಿಲ್ಲಿಸುವ ಸಂಗೀತ ಅದು. 1990ರಲ್ಲಿ ಹುಟ್ಟಿದ ಇಂಗ್ಲೆಂಡಿನ ‘ಸ್ಕೈಕ್ಲಾಡ್’ ತಂಡವನ್ನು ಇದರ ಮೊದಲಿಗರಲ್ಲಿ ಎಣಿಸುತ್ತಾರೆ. ಫಿನ್ಲೆಂಡಿನವರು ಅಕಾರ್ಡಿಯನ್ ತಂದರು. ಮಂಗೋಲಿಯದ ‘ದಿ ಹೂ’ ತಂಡ ಕುದುರೆ ತಲೆಯ ಪಿಟೀಲನ್ನು ತಂದಿತು. ದಿಲ್ಲಿಯ ‘ಬ್ಲಡಿವುಡ್’ ಡೋಲು, ಕೊಳಲು ಹಿಡಿದು 2019ರಲ್ಲಿ ಜರ್ಮನಿಯ ವಾಕನ್ ಉತ್ಸವದವರೆಗೂ ಹೋಗಿ ಬಂತು. ಬೆಂಗಳೂರಿಗೂ ಗಟ್ಟಿ ಸಂಗೀತದ ಹುಚ್ಚು ಹೊಸದಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಮಳೆ ಕೆಸರು ಎನ್ನದೆ ಸೇರಿದ ಜನಸ್ತೋಮವನ್ನು ಕಂಡವರು ಇನ್ನೂ ಮರೆತಿಲ್ಲ.

ಇಂಥ ಹುಡುಗ ಹಬ್ಬಕ್ಕೆಂದು ಊರಿಗೆ ಬಂದಾಗ ಅಜ್ಜನ ಜೊತೆ ‘ಕುರುಕ್ಷೇತ್ರ’ಕ್ಕೆ ಹೋಗಿ ಕೂತರೆ ಬೆಚ್ಚಿಬೀಳುವುದು ಖಂಡಿತ. ಹಳೆಯ ಪೆಟ್ಟಿಗೆಯ ಪಕ್ಕದಲ್ಲೇ ಎಲೆಕ್ಟ್ರಾನಿಕ್ ಕೀಬೋರ್ಡು, ತಬಲದ ಪಕ್ಕ ರಿದಂ ಪ್ಯಾಡು, ಎರಡೂ ಬದಿಗೆ ಆಳೆತ್ತರದ ಸ್ಪೀಕರು. ದುರ್ಯೋಧನ ತೊಡೆತಟ್ಟಿ ಪ್ರವೇಶಿಸುವಾಗ ಎದೆಗೆ ಗುದ್ದಿದಂತಾಗುವ ಆ ಸದ್ದಿನಲ್ಲಿ ಭೂಮಿ ಅದುರುತ್ತದೆ. ಹಳೆಯದಕ್ಕೆ ವಿದ್ಯುತ್ತು ಹಾಯಿಸುವ ವಿದ್ಯೆಯನ್ನು ಕೊರಟಗೆರೆ ಸೀಮೆಯವರಿಗೆ ಯಾರೂ ಫಿನ್ಲೆಂಡಿನಿಂದ ಬಂದು ಕಲಿಸಲಿಲ್ಲ.

ಇದರ ಬೇರು ಹತ್ತಿರದಲ್ಲೇ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿ ಇದೇ ಜಿಲ್ಲೆಯದು. ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿದ ಗುಬ್ಬಿ ವೀರಣ್ಣನವರ ವೈಭವ ಅಳಿದರೂ ಅದರ ಮಟ್ಟುಗಳು ಹಳ್ಳಿಗಳಲ್ಲಿ ಉಳಿದವು. ಇಲ್ಲಿ ನಟರಿಗೆ ಸಂಬಳವಿಲ್ಲ, ಅವರೇ ದುಡ್ಡು ಕೊಡಬೇಕು! ಕೃಷ್ಣನ ಪಾತ್ರಕ್ಕೆ ಇಷ್ಟು, ದುರ್ಯೋಧನನಿಗೆ ಇಷ್ಟು, ಮೂಲೆಯಲ್ಲಿ ನಿಲ್ಲುವ ವಿದುರನಿಗೆ ಇಷ್ಟು ಎಂದು ವಂತಿಗೆ ಕಟ್ಟಿ, ತಿಂಗಳುಗಟ್ಟಲೆ ಡ್ರಾಮಾ ಮೇಷ್ಟ್ರ ಮುಂದೆ ರಾತ್ರಿ ಹೊತ್ತು ಕೂತು ಕಂದ, ವೃತ್ತಗಳನ್ನು ಉರುಹೊಡೆಯುತ್ತಾರೆ. ಸೀನರಿ, ಕಿರೀಟ, ಗದೆ ಎಲ್ಲ ಬಾಡಿಗೆ. ದ್ರೌಪದಿ, ಕುಂತಿಯರು ಪಟ್ಟಣದಿಂದ ಬರುವ ವೃತ್ತಿ ಕಲಾವಿದೆಯರು. ಅರ್ಧ ಜೀವನವನ್ನು ಬಸ್ಸಿನಲ್ಲೇ ಕಳೆಯುವ ಆ ಹೆಣ್ಣುಮಕ್ಕಳಿಗೆ ಇಡೀ ‘ಕುರುಕ್ಷೇತ್ರ’ ಬಾಯಿಪಾಠ. ಮಾತು ಮರೆತು ತಡವರಿಸುವ ಕರ್ಣನಿಗೆ ಮುಂದಿನ ಸಾಲನ್ನು ಪಿಸುಗುಟ್ಟಿ ಮಾನ ಉಳಿಸುವವರು ಹಲವು ಸಲ ಅವರೇ. ಅವರ ಹೆಸರು ಕರಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ ಎಂಬುದು ಬೇರೆ ಮಾತು.

ಅಭಿಮಾನಿಯ ಕೆಲಸ ಸುಮ್ಮನೆ ಕೂರುವುದಲ್ಲ. ಮೋಹನ ರಾಗ ಮೇಲಕ್ಕೇರಿ ಕೃಷ್ಣನ ಪಾತ್ರಧಾರಿ ದಮ್ಮು ಹಿಡಿದು ನಿಂತನೆಂದರೆ ‘ಒನ್ಸ್ ಮೋರ್’ ಕೂಗಬೇಕು. ಹಾಡು ಮತ್ತೆ ಮೊದಲಿಂದ. ಯುದ್ಧ ಬೇಕಾದರೆ ಕಾಯುತ್ತದೆ. ಯಾರೋ ಎದ್ದು ಹೋಗಿ ಎದೆಗೆ ನೋಟು ಚುಚ್ಚುತ್ತಾರೆ, ಯಾರೋ ಹಾರ ಹಾಕುತ್ತಾರೆ. ಮೈಕಿನಲ್ಲಿ ದಾನಿಗಳ ಹೆಸರು ಓದುವಾಗ ಅರ್ಜುನ ಗಾಂಡೀವ ಊರಿಕೊಂಡು ನಿಂತಿರುತ್ತಾನೆ. ನಾಜೂಕಿನ ರಸಿಕರಿಗೆ ಇದು ಅಪಚಾರವೆನಿಸಬಹುದು. ಆದರೆ ಹೊಲದಲ್ಲಿ ದುಡಿದ ಮನುಷ್ಯ ಒಂದು ರಾತ್ರಿ ರಾಜನಾಗಲು ಸ್ವಂತ ಹಣ ತೆತ್ತಿರುವಾಗ, ಎದುರಿಗೆ ಕೂತವರು ಎರಡು ಸಲ ಕೇಳಿದರೆ ತಪ್ಪೇನು?

ಕೊರಟಗೆರೆ ದಾಟಿ ಮಧುಗಿರಿಗೆ ಬಂದರೆ ಸದ್ದಿನ ಬಣ್ಣ ಬದಲಾಗುತ್ತದೆ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಆ ಬೋಳು ಬಂಡೆ, ಕೆಳಗೆ ದಂಡಿನ ಮಾರಮ್ಮ. ಜಾತ್ರೆಯ ದಿನಗಳಲ್ಲಿ ಇಲ್ಲಿ ಚರ್ಮವಾದ್ಯಗಳದ್ದೇ ರಾಜ್ಯ. ತಮಟೆಯವರು ಮೊದಲು ಹುಲ್ಲು ಸೌದೆ ಗುಡ್ಡೆಹಾಕಿ ಬೆಂಕಿ ಮಾಡುತ್ತಾರೆ. ತಮಟೆಯನ್ನು ಆ ಕಾವಿಗೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಹಿಡಿಯುತ್ತಾರೆ. ಕಾವಿಗೆ ಚರ್ಮ ಬಿಗಿದರೆ ‘ಠಣ್’ ಎನ್ನುತ್ತದೆ. ಇಬ್ಬನಿ ಬಿದ್ದರೆ ಸಡಿಲಗೊಂಡು ದನಿ ಸತ್ತುಹೋಗುತ್ತದೆ. ಮತ್ತೆ ಬೆಂಕಿಯ ಬಳಿಗೆ ಓಡಬೇಕು. ಇದೇ ಅವರ ಶ್ರುತಿಪೆಟ್ಟಿಗೆ. ಉರುಮೆಯದು ಇನ್ನೊಂದು ಬಗೆ. ಅದರ ಒಂದು ಮುಖವನ್ನು ಬಡಿದರೆ ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಆಗ ಹೊರಡುವ ಗುಂಯ್ ಎಂಬ ನರಳು ಯಾವ ಗಿಟಾರಿನ ಮಂದ್ರಕ್ಕೂ ಸಾಟಿ. ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುತ್ತದೆ ಅದು.

ಈ ವಾದ್ಯಗಳನ್ನು ನುಡಿಸಿದವರನ್ನು ಊರು ಶತಮಾನಗಳ ಕಾಲ ಗುಡಿಯ ಹೊರಗೆ ನಿಲ್ಲಿಸಿತು. ತಮಟೆ ಇಲ್ಲದೆ ದೇವರು ಏಳುವಂತಿಲ್ಲ, ತಮಟೆಯವರು ಒಳಗೆ ಬರುವಂತಿಲ್ಲ! ಓದಿದ ಮಗ ತಮಟೆ ಮುಟ್ಟದಿರಲಿ ಎಂದು ಅಪ್ಪ ಬಯಸಿದರೆ ಅದು ಕಲೆಯ ಮೇಲಿನ ಕೋಪವಲ್ಲ, ಅದರೊಂದಿಗೆ ಅಂಟಿಬಂದ ಅವಮಾನದ ನೆನಪು. 2023ರಲ್ಲಿ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ತಮಟೆಯ ಬಗ್ಗೆ ಮಕ್ಕಳು ತಲೆಯೆತ್ತಿ ಮಾತನಾಡಲು ಅದೂ ಒಂದು ಕಾರಣವಾಯಿತು.

ಮಧುಗಿರಿಯಿಂದ ಉತ್ತರಕ್ಕೆ ಹೋದಂತೆ ಮರಗಳು ಕಡಿಮೆಯಾಗಿ ಬಂಡೆಗಳು ಹೆಚ್ಚುತ್ತವೆ. ಪಾವಗಡದ ಸುತ್ತಲೂ ಆಂಧ್ರದ ನೆಲ. ಸಂತೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಅಭಿಮಾನಿಗೂ ಎರಡು ಕಿವಿ. ಹಿಂದೂಪುರ, ಮಡಕಶಿರಾ ಕಡೆಯಿಂದ ಬೀಸುವ ತೆಲುಗು ಪದ್ಯನಾಟಕದ ಗಾಳಿಗೆ ಗಡಿ ಗೊತ್ತಿಲ್ಲ. ‘ಸತ್ಯ ಹರಿಶ್ಚಂದ್ರ’ದ ಸ್ಮಶಾನದ ದೃಶ್ಯಕ್ಕೆ ಕಣ್ಣೊರೆಸಿಕೊಳ್ಳುವಾಗ ಭಾಷೆ ಯಾವುದೆಂದು ಯಾರು ಕೇಳುತ್ತಾರೆ? ಪದ್ಯದ ಕೊನೆಯ ಅಕ್ಷರವನ್ನು ಹಿಡಿದು ಉಸಿರು ಮುಗಿಯುವ ತನಕ ಎಳೆಯುವ ಆ ರಾಗಾಲಾಪಕ್ಕೆ ತಲೆದೂಗಲು ವ್ಯಾಕರಣ ಬೇಕಿಲ್ಲ.

ಮಳೆ ಕಾಣದ ಈ ನೆಲ ಈಗ ಬಿಸಿಲನ್ನೇ ಬೆಳೆಯುತ್ತಿದೆ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟಿನ ಸೌರ ಉದ್ಯಾನ 2018ರಲ್ಲಿ ವಿದ್ಯುತ್ ಕೊಡಲು ಆರಂಭಿಸಿತು. ರೈತರು ಮಾರಲಿಲ್ಲ, ಜಮೀನನ್ನು ಗುತ್ತಿಗೆಗೆ ಕೊಟ್ಟರು. ಕಡಲೆಕಾಯಿ ಕಿತ್ತ ಮೇಲೆ ನಾಟಕ ಎಂಬುದು ಈ ಸೀಮೆಯ ಲೆಕ್ಕ. ಕಿತ್ತ ಕಾಯಿ ಒಣಗಿ, ಮಾರಿ, ಕೈಯಲ್ಲಿ ನಾಲ್ಕು ಕಾಸು ಆಡಿದಾಗ ತಾನೇ ಕಿರೀಟಕ್ಕೆ ಬಾಡಿಗೆ ಕಟ್ಟುವುದು? ಕಾಯಿ ಕೀಳುವ ಕೆಲಸವೇ ಇಲ್ಲದ ಹೊಲದ ಒಡೆಯನಿಗೆ ನಾಟಕದ ಕಾಲ ಯಾವುದು ಎಂಬುದನ್ನು ಗುತ್ತಿಗೆ ಪತ್ರದಲ್ಲಿ ಬರೆದಿರುವುದಿಲ್ಲ.

ಕಾಲದ ಮಾತು ಬಂದಿದ್ದರಿಂದ ತಂದೆತಾಯಿಯರ ದೂರನ್ನೂ ಇಲ್ಲೇ ಕೇಳಬೇಕು. ಸಂಕ್ರಾಂತಿಯಿಂದ ಯುಗಾದಿಯಾಚೆಗೂ ಜಾತ್ರೆ, ನಾಟಕಗಳ ಸುಗ್ಗಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ಅದೇ ಮಾರ್ಚ್ ಏಪ್ರಿಲ್‌ನಲ್ಲಿ! ಇತ್ತ ತ್ರಿಕೋನಮಿತಿ, ಅತ್ತ ತ್ರಿಪುಟ ತಾಳ. ಶಬ್ದಮಾಲಿನ್ಯ ಕುರಿತ 2000ದ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡವೆನ್ನುತ್ತವೆ. ಹಬ್ಬದ ಕೆಲವು ದಿನ ಮಾತ್ರ ನಡುರಾತ್ರಿಯವರೆಗೆ ಸಡಿಲ. ನಿಯಮದ ಪ್ರಕಾರ ನಡೆದರೆ ಪಾಂಡವರು ವನವಾಸದಿಂದ ಮರಳುವುದರೊಳಗೆ ಮೈಕು ಬಂದ್. ಪಕ್ಕದ ಮನೆಯಲ್ಲಿ ಓದುತ್ತಿರುವ ಹುಡುಗಿಗೆ, ಎದೆನೋವಿನ ಮುದುಕನಿಗೆ ಆ ನಿಯಮ ಬೇಕೇ ಬೇಕು. ಸ್ಪೀಕರುಗಳನ್ನು ಊರಾಚೆಗೆ ತಿರುಗಿಸಿ, ಸದ್ದು ಇಳಿಸಿ ಆಡುವುದಕ್ಕೆ ಯಾವ ಶಾಸ್ತ್ರವೂ ಅಡ್ಡಬಂದಿಲ್ಲ. ಗುಬ್ಬಿ ಕಂಪೆನಿಯ ಹಳೆಯ ನಟರು ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟಿಸುತ್ತಿದ್ದರಲ್ಲ!

ಸದ್ದು ಇಳಿಸಿದರೆ ಏನು ಕೇಳಿಸುತ್ತದೆ ಎಂಬುದನ್ನು ಅರಿಯಲು ಶಿರಾ ಕಡೆಗೆ ಬರಬೇಕು. ಮೊಗಲರ ಸುಬೆಯ ರಾಜಧಾನಿಯಾಗಿದ್ದ ಊರು ಇದು. ಕೋಟೆ, ಮಲಿಕ್ ರಿಹಾನನ ಗೋರಿ, ಜುಮ್ಮಾ ಮಸೀದಿಗಳನ್ನು ಹಗಲಿಗೆ ಬಿಟ್ಟು ಅಭಿಮಾನಿ ಹೊರಡುವುದು ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ. ಜುಂಜಪ್ಪ ಕಾಡುಗೊಲ್ಲರ ವೀರ, ದನಕಾಯುವವರ ದೈವ. ಅವನ ವಾದ್ಯ ಗಣೆ: ಹತ್ತಿರ ಹತ್ತಿರ ಮೂರಡಿ ಉದ್ದದ ಬಿದಿರ ಕೊಳಲು. ಭಕ್ತರ ಪಾಲಿಗೆ ಅದು ಬರಿಯ ವಾದ್ಯವಲ್ಲ, ದೇವರ ವಸ್ತು. ಅವನ ಕಥೆಯನ್ನು ರಾತ್ರಿಗಟ್ಟಲೆ ಹಾಡುವವರಿದ್ದಾರೆ. ಆ ಮಹಾಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿದೆ. ಆದರೆ ಗಣೆಯನ್ನು ಅಚ್ಚು ಹಾಕಲು ಬರುವುದಿಲ್ಲ.

ಅದರ ದನಿಯಲ್ಲಿ ಸ್ವರದಷ್ಟೇ ಉಸಿರೂ ಇರುತ್ತದೆ. ಮೊಬೈಲಿನಲ್ಲಿ ಹಿಡಿದರೆ ಗಾಳಿ ಬೀಸಿದಂತೆ ಬರೀ ಸರಸರ. ಹತ್ತಡಿ ದೂರದಲ್ಲಿ ನೆಲದ ಮೇಲೆ ಕೂತವನಿಗೆ ಮಾತ್ರ ಆ ಸರಸರದ ಒಳಗಿನಿಂದ ಒಂದು ತೆಳುವಾದ ಎಳೆ ಏಳುವುದು ಕೇಳುತ್ತದೆ. ದನ ಕರೆಯುವ ಎಳೆ ಅದು. ಆಳೆತ್ತರದ ಸ್ಪೀಕರಿಗೆ ಬೆಚ್ಚಿದ್ದ ಹುಡುಗ ಇಲ್ಲಿ ಇಯರ್‌ಫೋನ್ ತೆಗೆದು ಕಿಸೆಗೆ ಹಾಕಿಕೊಳ್ಳುತ್ತಾನೆ, ಯಾರೂ ಹೇಳಬೇಕಿಲ್ಲ. ಇಷ್ಟುದ್ದದ ಕೊಳವೆಗೆ ಉಸಿರು ತುಂಬಲು ವರ್ಷಗಳ ಅಭ್ಯಾಸ ಬೇಕು. ಹಟ್ಟಿಯ ಮಕ್ಕಳು ದನ ಬಿಟ್ಟು ಹಾಸ್ಟೆಲ್ಲು ಸೇರಿದ್ದಾರೆ, ಸೇರಬೇಕಾದದ್ದೂ ಹೌದು. ಕಲಿಯುವ ಹೊತ್ತು ಎಲ್ಲಿಂದ ತರುವುದು ಎಂಬುದಕ್ಕೆ ಉತ್ತರ ಹಿರಿಯರಲ್ಲೂ ಇಲ್ಲ.

ಗಣೆಗೆ ಮನಸೋತವನು ಹಟ್ಟಿಯ ಅಂಚಿನಲ್ಲಿರುವ ಗುಡಿಸಲನ್ನೂ ನೋಡದೆ ಬರುವಂತಿಲ್ಲ. ಸೂತಕದ ಹೆಸರಿನಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯಿಂದ ಹೊರಗಿಡುವ ಪದ್ಧತಿ ಕೆಲವೆಡೆ ಉಳಿದುಬಂದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹಾಗೆ ಹೊರಗಿದ್ದ ಬಾಣಂತಿಯ ಎಳೆಗೂಸು ಮಳೆ ಥಂಡಿಯಲ್ಲಿ ತೀರಿಕೊಂಡಿತು. ಪದ್ಧತಿಯನ್ನು ಬಿಟ್ಟರೆ ಗಣೆಯೂ ಹೋಗುತ್ತದೆ ಎಂದು ಅಂಜುವವರಿದ್ದಾರೆ. ಬಿದಿರಿಗೆ ಸೂತಕದ ಹಂಗಿಲ್ಲ. ಹಾಸ್ಟೆಲಿನಲ್ಲಿ ಓದಿದ ಹಟ್ಟಿಯ ಹೆಣ್ಣುಮಗಳೇ ಅದನ್ನು ಕೈಗೆತ್ತಿಕೊಂಡರೆ ಬೇಡವೆನ್ನುವವರು ಯಾರು?

ಮತ್ತೆ ಕೊರಟಗೆರೆ ದಾರಿ. ಗದಾಯುದ್ಧ ಮುಗಿಯುವಾಗ ಮೂಡಲಲ್ಲಿ ಬೆಳ್ಳಿ ಮೂಡಿ ಬೆಳಕು ಹರಿದಿರುತ್ತದೆ. ಚಾಪೆ ಸುತ್ತಿಕೊಂಡು ಎದ್ದವರ ನಡುವೆ ಮಕ್ಕಳು ಇನ್ನೂ ಮಲಗಿರುತ್ತವೆ. ಸೀನರಿಯವರು ಹಗ್ಗ ಬಿಚ್ಚಿ ಹಸ್ತಿನಾವತಿಯನ್ನು ಮಡಚಿ ಟೆಂಪೋಗೆ ಏರಿಸುತ್ತಾರೆ. ಬ್ಯಾಗು ಹೆಗಲಿಗೇರಿಸಿದ ದ್ರೌಪದಿ ಮೊದಲ ಬಸ್ಸಿಗೆ ಕಾಯುತ್ತಾಳೆ, ರಾತ್ರಿಗೆ ಇನ್ನೆಲ್ಲೋ ಸೀರೆ ಸೆಳೆಸಿಕೊಳ್ಳಬೇಕು. ಪಕ್ಕದಲ್ಲೇ ನಿಂತ ಕಾಲೇಜು ಹುಡುಗ ‘ಅಕ್ಕಾ, ಮುಂದಿನ ನಾಟಕ ಎಲ್ಲಿ?’ ಎಂದು ಕೇಳುತ್ತಾನೆ. ತೊಡೆ ಮುರಿದು ಸತ್ತ ದುರ್ಯೋಧನ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿಸಿಕೊಂಡೇ, ಹಾಲಿನ ಕ್ಯಾನು ಸೈಕಲ್ಲಿಗೆ ಸಿಕ್ಕಿಸಿ ಡೇರಿಯ ಸಾಲಿನಲ್ಲಿ ನಿಂತಿರುತ್ತಾನೆ.