ಬಿಸ್ಮಿಗೂ ಮುಂಚೆ

ಬ್ರಾಯ್ಲರ್ ಕೋಳಿಗೆ ಹೇನು ಆಗುವುದಿಲ್ಲ ಎಂದೇ ನಾವು ನಂಬಿದ್ದೆವು. ಅದರ ಆಯುಷ್ಯವೇ ಐದಾರು ವಾರ. ಸೀರು ಒಡೆದು, ಹೇನು ಬೆಳೆದು, ಅದು ಮತ್ತೆ ಸೀರು ಇಡುವುದಕ್ಕೆ ಸುಮಾರು ಮೂರು ವಾರ ಬೇಕು. ಅದು ಹೆಚ್ಚುವ ಹೊತ್ತಿಗೆ ಕೋಳಿ ಲಾರಿ ಹತ್ತಿರುತ್ತದೆ. ಹೇನು ಏನಿದ್ದರೂ ಊರ ಕೋಳಿಗಳ ತೊಂದರೆ ಎಂಬುದು ನಮ್ಮ ಲೆಕ್ಕ.

ಆ ಲೆಕ್ಕ ತಪ್ಪಿದ್ದು ಉಮ್ಮ ಸಾಕಿದ ಊರ ಕೋಳಿಗಳಿಂದಲೇ. ನಮ್ಮ ಶೆಡ್ಡಿನ ಬಲೆ ಒಂದು ಮೂಲೆಯಲ್ಲಿ ಹರಿದಿತ್ತು. ಚೆಲ್ಲಿದ ಫೀಡು ಹೆಕ್ಕಲು ಅವು ಒಳಗೆ ಹೋಗಿ ಬರುತ್ತಿದ್ದವು. ನೋಡಿಯೂ ಸುಮ್ಮನಿದ್ದೆವು. ಐದನೆಯ ವಾರದಲ್ಲಿ ಬ್ರಾಯ್ಲರುಗಳು ಒಂದು ಕಡೆ ನೆಮ್ಮದಿಯಾಗಿ ಕೂರಲಿಲ್ಲ. ಸದಾ ಕೊಕ್ಕಿನಿಂದ ಮೈ ಕೆದಕಿಕೊಳ್ಳುತ್ತಿದ್ದವು. ತೂಕವೂ ಏರಲಿಲ್ಲ. ಒಂದನ್ನು ಎತ್ತಿ ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿದರೆ, ಕೆಂಪಾದ ಚರ್ಮದ ಮೇಲೆ ಒಣಹುಲ್ಲಿನ ಬಣ್ಣದ ಹೇನುಗಳು ಓಡುತ್ತಿದ್ದವು. ಪುಕ್ಕದ ಬುಡದಲ್ಲಿ ಸೀರಿನ ಬಿಳಿ ಗಂಟುಗಳು.

ಲಾರಿ ಬರಲು ನಾಲ್ಕೇ ದಿನ ಉಳಿದಿತ್ತು. ಕೋಳಿ ಸಾಕುವ ಪರಿಚಿತರೊಬ್ಬರು, "ದನದ ಉಣ್ಣಿಗೆ ಹೊಡೆಯುವ ಮದ್ದು ಉಂಟಲ್ಲ, ಅದನ್ನೇ ಹೊಡೆಯಿರಿ. ಯಾರಿಗೆ ಗೊತ್ತಾಗ್ತದೆ?" ಎಂದರು. ಮದ್ದಿನ ಬಾಟಲಿ ಮನೆಯಲ್ಲೇ ಇತ್ತು. ನಿಜ ಹೇಳಬೇಕೆಂದರೆ, ಪಂಪಿಗೆ ನೀರೂ ತುಂಬಿಸಿದ್ದೆವು. ಜಗಲಿಯಲ್ಲಿ ಕೂತಿದ್ದ ಉಮ್ಮ ಕೇಳಿದರು: "ನಾಲ್ಕು ದಿನ ಬಿಟ್ಟು ನಮ್ಮ ಮನೆಗೇ ಕೊಯ್ಯುವುದಾದರೆ ಹೊಡೀತಿದ್ರಾ ಮಕ್ಕಳೇ?"

ಪಂಪು ಕೆಳಗಿಟ್ಟು ಪಶು ಆಸ್ಪತ್ರೆಯ ಡಾಕ್ಟರರಿಗೆ ಫೋನು ಮಾಡಿದೆವು. ಚರ್ಮಕ್ಕೆ ಬಿದ್ದ ಕೀಟನಾಶಕ ಮಾಂಸಕ್ಕೂ ಕೊಬ್ಬಿಗೂ ಇಳಿಯಬಹುದು, ಮದ್ದು ಹೊಡೆದ ಮೇಲೆ ನಿಗದಿತ ದಿನಗಳು ಕಳೆಯದೆ ಕೊಯ್ಯಬಾರದು ಎಂದರು ಅವರು. ಮೇಲಾಗಿ ಸಿಂಪಡಿಸಿದರೆ ಹೇನು ಸಾಯುತ್ತದೆ, ಸೀರು ಉಳಿಯುತ್ತದೆ. ಎರಡನೆಯ ಸಲ ಹೊಡೆಯಲೇಬೇಕು. ನಾಲ್ಕು ದಿನದಲ್ಲಿ ಹೋಗುವ ಕೋಳಿಗೆ ಅದರಿಂದೇನು ಪ್ರಯೋಜನ? ಕೋಳಿಯ ಹೇನು ಮನುಷ್ಯರ ಮೈಯಲ್ಲಿ ನೆಲೆಸುವುದೂ ಇಲ್ಲ. ಹೇನು ಪುಕ್ಕದೊಂದಿಗೆ ಹೋಗುತ್ತದೆ. ವಿಷ ತಟ್ಟೆಯವರೆಗೆ ಬರುತ್ತದೆ.

ಮದ್ದು ಹೊಡೆಯಲಿಲ್ಲ. ಕಂಪೆನಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ತೂಕ ಕಡಿಮೆಯಾದುದರಿಂದ ಆ ಬ್ಯಾಚಿನಲ್ಲಿ ಕೈಗೆ ಬಂದದ್ದು ಸ್ವಲ್ಪವೇ. ಕೋಳಿಯ ಮೈ ಬಿಟ್ಟ ಹೇನು ಹೆಚ್ಚೆಂದರೆ ಒಂದು ವಾರ ಬದುಕೀತು. ಹಾಗಾಗಿ ಹೊಟ್ಟನ್ನೆಲ್ಲ ತೆಗೆದು, ತೊಳೆದು, ಎರಡು ವಾರ ಶೆಡ್ಡು ಖಾಲಿ ಬಿಟ್ಟೆವು. ಬಲೆ ಹೊಲಿದೆವು. ಊರ ಕೋಳಿಗಳಿಗೆ ದೂರದಲ್ಲಿ ಬೇರೆ ಗೂಡು ಮಾಡಿ, ಡಾಕ್ಟರರು ಹೇಳಿದ ಮದ್ದನ್ನೇ ಎರಡು ಸಲ ಹಾಕಿದೆವು. ಅವರು ಹೇಳಿದಷ್ಟು ದಿನ ಅವುಗಳ ಮೊಟ್ಟೆಯನ್ನೂ ಮುಟ್ಟಲಿಲ್ಲ.

ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಎಂಬುದರ ಜೊತೆಗೇ ತಯ್ಯಿಬ್, ಅಂದರೆ ಶುದ್ಧ, ಒಳ್ಳೆಯದು ಎಂಬ ಮಾತನ್ನೂ ಸೇರಿಸುತ್ತದೆ. ಅಂಗಡಿಯಲ್ಲಿ ನಾವು ಕೊಯ್ದವರು ಯಾರು, ಬಿಸ್ಮಿ ಹೇಳಿದರೇ ಎಂದು ವಿಚಾರಿಸುತ್ತೇವೆ. ಕೇಳಬೇಕಾದದ್ದೇ. ಆದರೆ ಆ ಕೋಳಿಯ ಮೈಮೇಲೆ ಏನು ಬಿದ್ದಿತ್ತೆಂದು ಯಾರೂ ಕೇಳುವುದಿಲ್ಲ. ಅದಕ್ಕೆ ಉತ್ತರ ಗೊತ್ತಿರುವುದು ಸಾಕಿದವರಿಗೆ ಮಾತ್ರ. ನಮ್ಮ ಸೋಮಾರಿತನದಿಂದ ಆ ಮೂಕಜೀವಿಗಳು ಅಷ್ಟು ದಿನ ಸಂಕಟಪಟ್ಟವಲ್ಲ, ಅದಕ್ಕೂ ನಾವೇ ಉತ್ತರ ಹೇಳಬೇಕು.